ನಾಳೆ ಮಳೆ ಅಂತ ಬರೆದವಳು

"ಅಳಿಸೇ! ಬಿಸಿಲು ಅಂತ ಬರಿ ಅಂದ್ರೆ ಅರ್ಥ ಆಗಲ್ವಾ ನಿಂಗೆ?"

ಅಮರ್ ಡಸ್ಟರ್ ಹಿಡಿದು ನುಗ್ಗಿದ. ಯಶೋಧಾ ಎರಡೂ ಕೈ ಚಾಚಿ ಬೋರ್ಡಿಗೆ ಅಡ್ಡ ನಿಂತಳು. ಬೆನ್ನು ತಾಗಿದರೆ ತಾನೇ ಅಳಿಸಿಬಿಡುತ್ತೇನಲ್ಲ ಅಂತ ಒಂದು ಗೇಣು ಮುಂದೆಯೇ ನಿಂತಿದ್ದಳು.

ಅವಳ ಹಿಂದೆ ಗುಂಡುಗುಂಡಾದ ಅಕ್ಷರದಲ್ಲಿ ಹೀಗಿತ್ತು: 'ನಾಳೆ, ಗುರುವಾರ: ಗುಡುಗು, ಜೋರು ಮಳೆಯ ಸಂಭವ.'

ಶ್ರೀರಾಂಪುರದ ಆ ಶಾಲೆಯಲ್ಲಿ ಹವಾಮಾನದ ಬೋರ್ಡು ಐದನೇ ಕ್ಲಾಸಿನವರ ಕೆಲಸ. ಅಕ್ಟೋಬರ್ ತಿಂಗಳು ಯಶೋಧಾಳ ಸರದಿ. ದಿನಾ ತಾತನ ಪೇಪರ್ ಓದಿಕೊಂಡು ಬಂದು ಬರೆಯುತ್ತಿದ್ದಳು. ಇಷ್ಟು ದಿನ ಒಂದು ನರಪಿಳ್ಳೆಯೂ ಅದನ್ನು ತಿರುಗಿ ನೋಡಿರಲಿಲ್ಲ. ಇವತ್ತು ಇಡೀ ಕ್ಲಾಸೇ ಅದರ ಮುಂದೆ ಸೇರಿತ್ತು. ಗುರುವಾರ ಅವರೆಲ್ಲ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಬೇಕಿತ್ತು. ಹೋಗುವುದೋ ಬೇಡವೋ ಬೋರ್ಡು ನೋಡಿ ಹೇಳುತ್ತೇನೆ ಎಂದು ಇಂದ್ರಮ್ಮ ಮಿಸ್ ಮೊದಲೇ ಹೇಳಿದ್ದರು.

"ಮೇಲೆ ನೋಡೇ, ಒಂದಾದ್ರೂ ಮೋಡ ಇದ್ಯಾ? ನಮ್ಮಮ್ಮ ಪುಳಿಯೋಗರೆ ಬೇರೆ ಮಾಡ್ತಾರೆ" ಅಂದಳು ವಾಣಿ.

"ನಂಗೂ ಹೋಗ್ಬೇಕು ಅಂತ ಆಸೆ ಇಲ್ವಾ? ಆದ್ರೆ ಪೇಪರ್‌ನಲ್ಲಿ ಮಳೆ ಅಂತಿದೆ."

"ಯಾರು ಚೆಕ್ ಮಾಡ್ತಾರೆ ಬಿಡೇ!"

"ಮೆಟ್ಟಿಲ ಮೇಲೆ ನೀನೇ ಜಾರಿ ಬಿದ್ರೆ? ಬರ್ಯಲ್ಲ ಅಂದ್ರೆ ಬರ್ಯಲ್ಲ!"

ಮಿಸ್ ಬಂದರು, ಬೋರ್ಡು ಓದಿದರು. ಟ್ರಿಪ್ ಕ್ಯಾನ್ಸಲ್ ಆಯಿತು.

ಗುರುವಾರ ಬಂತು, ಮಳೆ ಬರಲಿಲ್ಲ. ಒಂದು ಹನಿಯೂ ಇಲ್ಲ. ಚುರುಗುಟ್ಟುವ ಬಿಸಿಲು. ಕ್ಲಾಸಿನ ಕಿಟಕಿಯಿಂದ ಬೆಟ್ಟ ನಿಚ್ಚಳವಾಗಿ ಕಾಣುತ್ತಿತ್ತು, ಹೊಟ್ಟೆ ಉರಿಸಲಿಕ್ಕೆಂದೇ. ವಾಣಿ ಪುಳಿಯೋಗರೆಯನ್ನು ಎಲ್ಲರಿಗೂ ಹಂಚಿದಳು, ಯಶೋಧಾಳನ್ನು ಬಿಟ್ಟು. ಅಮರ್ ಕ್ಲಾಸಿನೊಳಗೇ ಛತ್ರಿ ಬಿಚ್ಚಿ, "ಅಯ್ಯಯ್ಯೋ, ಎಂಥಾ ಮಳೆ!" ಅಂತ ಕುಣಿದ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಯಶೋಧಾಳಿಗೆ ಅಳು ಉಕ್ಕಿ ಬಂತು. ತುಟಿ ಕಚ್ಚಿ ತಡೆದುಕೊಂಡಳು.

ಮನೆಗೆ ಬಂದವಳೇ ಬ್ಯಾಗ್ ಎಸೆದಳು. "ತಾತ, ನಿಮ್ ಪೇಪರ್ ಬರೀ ಸುಳ್ಳು!"

"ಸುಳ್ಳಲ್ಲ ಕಣವ್ವ" ಅಂದರು ತಾತ ಸಣ್ಣಮಾದಯ್ಯ. "ಸಂಭವ ಅಂತ ತಾನೆ ಹಾಕಿರೋದು? ಹಿಂಗಾರು ಮೋಡ ಅದು, ಎತ್ತಗೆ ತಿರುಗ್ಬುಡ್ತದೋ ಯಾರು ಕಂಡೋರು. ನಂಜನಗೂಡಲ್ಲಿ ಚೆನ್ನಾಗಿ ಹುಯ್ದದಂತೆ."

"ನಂಜನಗೂಡು ಕಟ್ಕೊಂಡು ನಂಗೇನಾಗ್ಬೇಕು! ನಾಳೆ ಬೋರ್ಡ್ ಮೇಲೆ ಏನಂತ ಬರೀಲಿ?"

"ಅದು ನಿನ್ ಬೋರ್ಡು. ನನ್ಯಾಕೆ ಕೇಳ್ತೀಯಾ?" ಎಂದು ತಾತ ಪೇಪರ್ ಮಡಚಿಟ್ಟರು.

ಶುಕ್ರವಾರ ಬೆಳಿಗ್ಗೆ ಬೋರ್ಡಿನ ಹತ್ತಿರ ಅಮರ್ ಕಾಯುತ್ತಿದ್ದ.

"ಚಾಕ್‌ಪೀಸ್ ಕೊಡು. ಇವತ್ತಿಂದ ವಾಣಿ ಬರೀತಾಳೆ."

"ಕೊಡಲ್ಲ. ಈ ತಿಂಗಳು ನಂದು."

ಅವನನ್ನು ಸರಿಸಿ ಯಶೋಧಾ ಬರೆಯತೊಡಗಿದಳು. ಅಕ್ಷರ ಎಂದಿಗಿಂತ ದೊಡ್ಡದಾಗಿಯೇ ಬಂತು.

'ಗುರುವಾರ ಮಳೆ ಎಂದು ಬರೆದಿದ್ದೆ. ಬರಲಿಲ್ಲ. ನಾನು ಬರೆದದ್ದು ತಪ್ಪಾಯಿತು. ಯಶೋಧಾ, 5ನೇ ತರಗತಿ.

ನಾಳೆ, ಶನಿವಾರ: ಸಂಜೆ ಮಳೆಯ ಸಂಭವ.'

ಸುತ್ತ ನಿಂತವರು ಬಗ್ಗಿ ಬಗ್ಗಿ ಓದಿದರು. ರೇಗಿಸೋಣವೆಂದರೆ ರೇಗಿಸುವ ಮಾತನ್ನೆಲ್ಲ ಅವಳೇ ಬರೆದುಬಿಟ್ಟಿದ್ದಳು.

"ಏಯ್, ಹೆಸರು ಯಾಕೆ ಹಾಕ್ದೆ? ಮಿಸ್ ಬೈತಾರೆ" ಎಂದು ಅಮರ್ ಪಿಸುಗುಟ್ಟಿದ.

"ಬೈಲಿ."

ಇಂದ್ರಮ್ಮ ಮಿಸ್ ಬಂದು ಮೊದಲಿಂದ ಕೊನೆಯವರೆಗೆ ಓದಿದರು. ಬೈಯಲಿಲ್ಲ, ನಗಲೂ ಇಲ್ಲ.

"ಯಶೋಧಾ, ಬೆಟ್ಟಕ್ಕೆ ಮಂಗಳವಾರ ಹೋಗ್ಬಹುದಾ?"

"ಈಗ್ಲೇ ಹೇಳಕ್ಕಾಗಲ್ಲ ಮಿಸ್. ಸೋಮವಾರ ಪೇಪರ್ ನೋಡಿ ಬರೀತೀನಿ."

"ಸರಿ. ಹಾಗಾದ್ರೆ ಸೋಮವಾರದವರೆಗೆ ಕಾಯ್ತೀನಿ" ಎಂದು ಮಿಸ್ ಆಫೀಸ್ ರೂಮಿಗೆ ಹೋದರು.

ಯಶೋಧಾ ಅಲ್ಲೇ ನಿಂತಳು. ತಪ್ಪಾಯಿತು ಅಂತ ಹೆಸರು ಹಾಕಿ ಬರೆದವಳನ್ನೇ ಮಿಸ್ ಮತ್ತೆ ಕೇಳಿದ್ದರು. ವಾಣಿಯನ್ನಲ್ಲ, ಅಮರ್‌ನನ್ನಲ್ಲ.

"ಸೋಮವಾರ ಮತ್ತೆ ಮಳೆ ಅಂತ ಬಂದಿದ್ರೆ?" ಅಮರ್ ಮೆಲ್ಲಗೆ ಕೇಳಿದ.

"ಮಳೆ ಅಂತಾನೇ ಬರೀತೀನಿ."

ಅಮರ್ ತಲೆ ಕೆರೆದುಕೊಂಡ.

"ಬರಿ" ಅಂದ.