ನೋಡಿದೆ ಎಂದ ಅಡಿವೆಪ್ಪ

ಬಹಳ ಹಿಂದೆ ಹವಳಗಿರಿ ಎಂಬ ರಾಜ್ಯವಿತ್ತು. ಅಲ್ಲಿ ಊರಿನ ಜೋಳವನ್ನೆಲ್ಲ ನೆಲದೊಳಗಿನ ಒಂದು ದೊಡ್ಡ ಹಗೇವಿನಲ್ಲಿ ತುಂಬಿಡುತ್ತಿದ್ದರು. ಅದರ ಕಾವಲು ಅಡಿವೆಪ್ಪನದು. ದಿನಾ ಮುಂಜಾನೆ ಅವನು ಬಾಯಿಗಲ್ಲು ಸರಿಸಿ, ಬೋರಲು ಮಲಗಿ, ಒಳಗೆ ಇಣುಕಿ, "ನೋಡಿದೆ!" ಎಂದು ಕೂಗಬೇಕು. ಆ ಕೂಗು ಕೇಳಿದ ಮೇಲೆಯೇ ಹೆಂಗಸರು ಬುಟ್ಟಿ ಹಿಡಿದು ಬರುತ್ತಿದ್ದರು.

ರಾಜನು ಊರು ಬಿಡಿಸಿದ್ದ ಮಾಂತ್ರಿಕನೊಬ್ಬ ಸಿಟ್ಟಿನಿಂದ ಆ ಹಗೇವಿನೊಳಗೆ ಒಂದು ಮಾಯಾಮೃಗವನ್ನು ಬಿಟ್ಟ. ಅದಕ್ಕೆ ಜೋಳ ಬೇಡ. ಸುಳ್ಳೇ ಅದರ ಊಟ.

ಅಡಿವೆಪ್ಪನಿಗೆ ಬಾಳವ್ವ ಎಂಬ ಆರು ವರ್ಷದ ಮಗಳು. ಒಂದು ಮುಂಜಾನೆ ಅವಳು ಓಡಿ ಬಂದಳು.

"ಅಪ್ಪಾ, ಹಗೇವಿನ್ಯಾಗ ಯಾರೋ ಕುಂತಾರ. ನನ್ನ ಹೆಸರು ಕೇಳತಾರ."

ಒಳಗೆ ಏನೋ ಉಸಿರಾಡುವುದು ಅಡಿವೆಪ್ಪನಿಗೂ ಕೇಳಿಸಿತ್ತು. ಅವನು ಕಲ್ಲು ಮುಟ್ಟಿರಲಿಲ್ಲ. "ಯಾರೂ ಇಲ್ಲವ್ವ, ನಾ ನೋಡೇನಿ," ಎಂದ. ಮೃಗ ಬೆಕ್ಕಿನಷ್ಟಾಯಿತು.

ಮರುದಿನ ಮಗಳು, "ಅಪ್ಪಾ, ಅದು ಕೆಮ್ಮತೈತಿ," ಎಂದಳು.

"ಇಲಿ ಇದ್ದೀತು. ನಾ ನೋಡೇನಿ." ಮೃಗ ಕರುವಿನಷ್ಟಾಯಿತು.

ಮೂರನೆಯ ದಿನ ಹೆಂಗಸರೆಲ್ಲ ನಿಂತಿದ್ದಾಗ ಬಾಳವ್ವ ಅಪ್ಪನ ಕಾಲು ತಬ್ಬಿದಳು. "ಒಮ್ಮೆ ಬಗ್ಗಿ ನೋಡಪ್ಪಾ. ನೀ ನೋಡಿದ್ರ ನಾ ಅಂಜೂದಿಲ್ಲ."

"ಏನ್ ಅಡಿವೆಪ್ಪಣ್ಣ, ಕಾವಲುಗಾರನ ಮಗಳಿಗೇ ಒಬ್ಬ ಕಾವಲುಗಾರ ಬೇಕಾತಲ್ಲ!" ಎಂದು ಒಬ್ಬಳು ನಕ್ಕಳು.

ಅಡಿವೆಪ್ಪನೂ ನಕ್ಕ. "ಅಂಜುಬುರುಕಿ ಐತ್ರಿ ಇದು. ನಾ ನೋಡೇನಿ, ಏನೂ ಇಲ್ಲ!"

ಮೃಗ ಆನೆಯಷ್ಟಾಗಿ ಕಲ್ಲು ಸಿಡಿಯಿತು. ಕರಿಯ ನಾಲಿಗೆಯೊಂದು ಹೊರಬಂದು ಬಾಳವ್ವನನ್ನು ಸುತ್ತಿ ಒಳಗೆಳೆಯಿತು.

ರಾಜನೇ ಓಡಿ ಬಂದ. "ಅಡಿವೆಪ್ಪಾ, ಮುಂಜಾನೆ ನೋಡಿದ್ದೆಯೇನು?"

'ಹೌದು' ಎಂಬ ಮಾತು ತುಟಿಗೆ ಬಂದಿತ್ತು. ಅಷ್ಟರಲ್ಲಿ ಒಳಗಿನಿಂದ ಮಗಳ ಕೂಗು: "ಅಪ್ಪಾ, ನೀ ನೋಡೇನಿ ಅಂದಾಗೆಲ್ಲ ಇದು ಬೆಳೀತೈತಂತ, ಇದೇ ಹೇಳತೈತಿ! ಇನ್ನೊಮ್ಮೆ ಅಂದ್ರ ನನ್ನ ನುಂಗತೈತಿ!"

ಅಡಿವೆಪ್ಪನ ಕಿವಿಗಳು ಸುಡತೊಡಗಿದವು. ಊರೆಲ್ಲ ಅವನ ಮುಖವನ್ನೇ ನೋಡುತ್ತಿತ್ತು.

"ಇವತ್ತು ನೋಡಿಲ್ರಿ," ಎಂದ. ಮೃಗ ಕುಗ್ಗಿ ಕರುವಿನಷ್ಟಾಯಿತು.

"ಮೂರು ದಿನದಿಂದ ನೋಡಿಲ್ರಿ." ಬೆಕ್ಕಿನಷ್ಟಾಯಿತು.

ಅಡಿವೆಪ್ಪ ತಲೆಯ ರುಮಾಲು ತೆಗೆದು ಮುಖ ಮುಚ್ಚಿಕೊಂಡ. ಮತ್ತೆ ತಾನೇ ಸರಿಸಿದ. "ಅಂಜಿದವ ನಾನು. ಅಂಜುಬುರುಕಿ ಅಂದದ್ದು ನನ್ನ ಮಗಳಿಗೆ."

ಮೃಗ ಜೋಳದ ಹೊಟ್ಟಾಗಿ ಉದುರಿತು. ಮಾಯೆ ಮುರಿದೊಡನೆ ದೂರದ ಗವಿಯಲ್ಲಿದ್ದ ಮಾಂತ್ರಿಕ ಕುಳಿತಲ್ಲೇ ಹೊಗೆಯಾದ. ಹಗ್ಗ ಇಳಿಸಿ ಬಾಳವ್ವನನ್ನು ಮೇಲೆತ್ತಿದರು. ಕೂದಲ ತುಂಬ ಹೊಟ್ಟು. ಮಗಳ ಕಣ್ಣನ್ನು ನೋಡಲಾಗದೆ ಅಡಿವೆಪ್ಪ ಅದನ್ನೇ ಒಂದೊಂದಾಗಿ ಆರಿಸುತ್ತ ನಿಂತ.

"ಅಪ್ಪಾ, ಈಗ ಒಳಗ ಯಾರೂ ಇಲ್ಲಲ್ಲ?"

'ಇಲ್ಲ' ಎನ್ನಹೋಗಿ ಅವನು ತಡೆದುಕೊಂಡ. "ಗೊತ್ತಿಲ್ಲವ್ವ. ನನಗೂ ಅಂಜಿಕಿ ಆಗತೈತಿ. ಬಾ, ಇಬ್ಬರೂ ಕೂಡಿ ನೋಡೋಣು."

ಊರವರ ಎದುರಿಗೇ ಇಬ್ಬರೂ ಬೋರಲು ಮಲಗಿ ಇಣುಕಿದರು. ಒಳಗೆ ಜೋಳವಿತ್ತು, ಅಷ್ಟೇ. ಅಂದು ಆ ಜೋಳದ ರೊಟ್ಟಿ ಉಂಡ ಹವಳಗಿರಿಯವರು ಮುಂದೆ ತಲೆತಲಾಂತರ ಸುಖವಾಗಿದ್ದರು.