ಹೊಟ್ಟೆಯೊಳಗಿನ ತಿಜೋರಿ

ಗುಂಡಣ್ಣನಿಗೆ ಭಾವನ ಮೇಲೆ ಸಿಟ್ಟು ಬಂದದ್ದು ಬೈದಿದ್ದಕ್ಕಲ್ಲ, ಉಪಕಾರ ಮಾಡಿದ್ದಕ್ಕೆ. ಅಕ್ಕನ ಮನೆಯಲ್ಲಿ ಉಂಡು, ಭಾವನ ಒಡವೆ ಅಂಗಡಿಯಲ್ಲಿ ಹರಳು ಕೂರಿಸುತ್ತ ಕೂತಲ್ಲೇ ಕೂತು ಅವನ ಮೈ ಬೆಳೆದಿತ್ತು. ಅಕ್ಕ ಹಟ ಹಿಡಿದಳು, ಭಾವ ಆಸ್ಪತ್ರೆಗೆ ಕರೆದೊಯ್ದ. ಕೊಯ್ಯಲಿಲ್ಲ, ಹೊಲಿಯಲಿಲ್ಲ, ಗಂಟಲಿನಲ್ಲಿ ಕ್ಯಾಮೆರಾ ಇರುವ ನಳಿಕೆ ಇಳಿಸಿ, ಹೊಟ್ಟೆಯಲ್ಲೊಂದು ಬಲೂನು ಇಟ್ಟು ನೀರು ತುಂಬಿದರು. ಇನ್ನು ನಾಲ್ಕು ತುತ್ತಿಗೇ ಹೊಟ್ಟೆ ತುಂಬುತ್ತದೆ. ಅಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಪಕ್ಕದಲ್ಲೇ ನಿಂತು ಪರದೆಯ ಮೇಲೆ ಎಲ್ಲವನ್ನೂ ನೋಡಿದ್ದ ಭಾವ, ಮರುದಿನದಿಂದ ಗಿರಾಕಿಗಳಿಗೆ ಅದೇ ಕತೆ ಹೇಳತೊಡಗಿದ.

"ನಮ್ಮ ಗುಂಡನ ಹೊಟ್ಟೇನ ಒಳಗಿಂದಾನೇ ನೋಡಿದೀನಿ. ಅದು ಹೊಟ್ಟೆಯಲ್ಲ, ಗೋದಾಮು."

ಗಿರಾಕಿಗಳು ನಕ್ಕರು. ಗುಂಡಣ್ಣನೂ ಹಲ್ಲು ಕಿರಿದ, ಒಳಗೆ ಮಾತ್ರ ಮೈಯೆಲ್ಲ ಉರಿಯಿತು. ಗೋದಾಮು ತಾನೇ, ಸರಕು ತುಂಬೋಣ ಎಂದುಕೊಂಡ.

ಸರಕು ತಾನಾಗಿಯೇ ಬಂತು. ಕಣ್ಣು ಮಂಜಾದ ಮುದುಕಿಯೊಬ್ಬಳು ಹಳೆಯ ಉಂಗುರದ ವಜ್ರವನ್ನು ಹೊಸದಕ್ಕೆ ಕೂರಿಸಲು ಕೊಟ್ಟಳು. ಕಡಲೆಕಾಳಿನ ಗಾತ್ರ, ಬುಡದಲ್ಲಿ ಚೂಪು ಮೊನೆ. "ವಜ್ರ ಕೊರೆಯದ ವಸ್ತು ಲೋಕದಲ್ಲೇ ಇಲ್ಲ ಅಜ್ಜಿ," ಎಂದು ಗುಂಡಣ್ಣ ಎಂದಿನಂತೆ ಜಂಬ ಕೊಚ್ಚಿದ. ಆಮೇಲೆ ಅಷ್ಟೇ ಗಾತ್ರದ ಗಾಜಿನ ಹರಳನ್ನು ಉಂಗುರಕ್ಕೆ ಅಚ್ಚುಕಟ್ಟಾಗಿ ಕೂರಿಸಿದ.

ಸಂಜೆ ಬಾಗಿಲಲ್ಲಿ ಕಾವಲುಗಾರ ಜೇಬು, ಚಪ್ಪಲಿ, ಬಾಯಿ ಎಲ್ಲ ನೋಡುತ್ತಾನೆ. ಹೊಟ್ಟೆ ತಡಕುವ ಕಾವಲುಗಾರ ಇನ್ನೂ ಹುಟ್ಟಿಲ್ಲ. ಊಟದ ನಂತರ ಗುಂಡಣ್ಣ ಆಸ್ಪತ್ರೆಯ ಮಾತ್ರೆ ನುಂಗುವುದು ಅಂಗಡಿಗೆಲ್ಲ ಗೊತ್ತು. ಆ ದಿನ ಮಾತ್ರೆಯ ಬದಲು ವಜ್ರ ನುಂಗಿದ. ಮರೆಯದೆ ನೀರು ತಂದುಕೊಟ್ಟವನು ಸ್ವತಃ ಭಾವ. ಗುಂಡಣ್ಣನಿಗೆ ಒಂದು ಗಳಿಗೆ ಪಾಪ ಅನ್ನಿಸಿತು. ನೀರು ಇಳಿದಂತೆ ಅದೂ ಇಳಿಯಿತು.

ಮುದುಕಿ ಉಂಗುರ ಹಾಕಿಕೊಂಡು ಹರಸಿ ಹೋದಳು. ಬಲೂನಿನ ಸುತ್ತ ಬಳಸಿ ಬರಬೇಕಲ್ಲ, ವಜ್ರ ಹೊರಬೀಳಲು ತಡಮಾಡಿತು. ಗುಂಡಣ್ಣ ಅವಸರಪಡಲಿಲ್ಲ. ಪಕ್ಕದ ಬೀದಿಯಲ್ಲಿ ತೆರೆಯಲಿರುವ ತನ್ನದೇ ಅಂಗಡಿಯ ಬೋರ್ಡಿಗೆ ಮನಸ್ಸಿನಲ್ಲೇ ಬಣ್ಣ ಆರಿಸುತ್ತಿದ್ದ.

ಭಾನುವಾರ ನಿದ್ದೆಗಣ್ಣಿನಲ್ಲಿ ಶೌಚಕ್ಕೆ ಹೋಗಿ, ನೀರು ಬಿಡುವುದನ್ನೂ ಮರೆತು ಬಂದು ಮಲಗಿದವನನ್ನು ಅಕ್ಕ ಗಾಬರಿಯಿಂದ ಎಬ್ಬಿಸಿದಳು. "ಮೂತ್ರ ನೀಲಿಯಾಗಿದೆಯಲ್ಲೋ. ಬಲೂನು ತೂತಾದ್ರೆ ಗೊತ್ತಾಗಲಿ ಅಂತಾನೇ ಅದರ ನೀರಿಗೆ ನೀಲಿ ಬಣ್ಣ ಬೆರೆಸಿರ್ತೀವಿ ಅಂತ ಡಾಕ್ಟರು ಹೇಳಿರಲಿಲ್ವಾ?" ಹೇಳಿದ್ದರು, ಆಗ ಗುಂಡಣ್ಣನ ಕಿವಿ ಭಾವನ ನಗೆಯ ಕಡೆಗಿತ್ತು. ಏನೂ ಆಗಿಲ್ಲ ಎಂದು ಅವನು ಮಂಚ ಹಿಡಿದು ಕೂತ. ಭಾವ ಕೇಳಲಿಲ್ಲ, ಕಣ್ಣಲ್ಲಿ ನೀರು ತುಂಬಿಕೊಂಡು ಹೆಚ್ಚುಕಡಿಮೆ ಎತ್ತಿಕೊಂಡೇ ಹೋಗಿ ಕಾರಿಗೆ ಹಾಕಿದ. ಆಸ್ಪತ್ರೆಯಲ್ಲಿ ಸೂಜಿಮದ್ದಿಗೆ ರೆಪ್ಪೆ ಭಾರವಾಗುತ್ತಿದ್ದಾಗ ಡಾಕ್ಟರು ಕ್ಯಾಮೆರಾದ ನಳಿಕೆ ಕೈಗೆತ್ತಿಕೊಂಡದ್ದು ಗುಂಡಣ್ಣನಿಗೆ ಕಂಡಿತು. ಭಾವ ಅವನ ಕೈ ಬಿಡದೆ, ಕನ್ನಡಕ ಸರಿಮಾಡಿಕೊಂಡು ಪರದೆಯ ಹತ್ತಿರಕ್ಕೆ ಸರಿದು ನಿಂತ.