ಸೂರನ ದೋಣಿ ಬರುವವರೆಗೆ

"ಕೈ ಬಿಡಿ..."

"ಬಿಟ್ಟೆ."

"ಇಲ್ಲ, ನೀವ್ ಬಿಡ್ಲಿಲ್ಲ!"

ಯೋಗ ಮಾಷ್ಟ್ರು ರತೀಶ್ ಅವಳ ಮಣಿಕಟ್ಟನ್ನು ಮೇಲೆತ್ತಿ ತಟ್ಟನೆ ಬಿಟ್ಟ. ಸಡಿಲವಾದ ಕೈಯಾದರೆ ಚಾಪೆಯ ಮೇಲೆ ತೊಪ್ಪನೆ ಬೀಳಬೇಕು. ವಿನಯಾಳ ಕೈ ಬೀಳಲಿಲ್ಲ... ಗಾಳಿಯಲ್ಲೇ ನಿಂತಿತು! ಕೋಡಿ ಊರಿನ ಅಷ್ಟೂ ದೋಣಿಯವರು ಬಂದು ಅದರ ಮೇಲೆ ಬಲೆ ಒಣಹಾಕಿದ್ದರೂ ಅಲ್ಲಾಡುತ್ತಿರಲಿಲ್ಲ, ಅಷ್ಟು ಬಿಗಿ!

ಅವನು ಕೆಳಗೆ ನೋಡಿದ. ಕಣ್ಣು ಮುಚ್ಚಬೇಕಾದವಳು ಅವನನ್ನೇ ದುರುಗುಟ್ಟಿ ನೋಡುತ್ತಿದ್ದಳು. ಆ ಒಂದು ನೋಟಕ್ಕೆ ರತೀಶನ ಎದೆ ಎಷ್ಟು ಜೋರಾಗಿ ಬಡಿಯಿತೆಂದರೆ, ಹೊಳೆಯಾಚೆ ಗಂಗೊಳ್ಳಿಯವರು ಇದೆಂಥ ಚಂಡೆ ಎಂದು ಕೇಳಿಕೊಂಡರಂತೆ!

ಅದು 2009ರ ಡಿಸೆಂಬರ್. ಕೋಡಿಯ ಶಾಲೆಯ ಸಭಾಭವನದಲ್ಲಿ ಬೆಳಗ್ಗೆ ಆರರಿಂದ ಏಳರವರೆಗೆ ಹೆಂಗಸರ ಯೋಗ ತರಗತಿ. ಬ್ರಹ್ಮಾವರದಿಂದ ಬೈಕಿನಲ್ಲಿ ಬರುತ್ತಿದ್ದ ರತೀಶ್ "ಉಸಿರು ಬಿಡಿ..." ಎಂದರೆ ಸಾಕು, ಊರಿನ ತೆಂಗಿನಮರಗಳೂ ಗರಿ ಇಳಿಬಿಟ್ಟು ನಿಲ್ಲುತ್ತಿದ್ದವು. ಮೀನು ಮಾರುವ ರಾಜೀವಕ್ಕನಂತೂ ಶವಾಸನ ಶುರುವಾದ ಅರ್ಧ ನಿಮಿಷಕ್ಕೇ ಗೊರಕೆ!

ವಿನಯಾ ಒಬ್ಬಳನ್ನು ಬಿಟ್ಟು.

ಸೂರ್ಯ ನಮಸ್ಕಾರ ನೂರೆಂಟು ಹಾಕೆಂದರೆ ಹಾಕುವಳು. ತಲೆ ಕೆಳಗೆ ಮಾಡಿ ನಿಲ್ಲೆಂದರೆ ಸಂಜೆವರೆಗೂ ನಿಲ್ಲುವಳು. ಆದರೆ ಕೊನೆಯ ಇಪ್ಪತ್ತು ನಿಮಿಷ ಸುಮ್ಮನೆ ಮಲಗು ಎಂದರೆ... ಆಗದು!

ಹನ್ನೆರಡನೇ ದಿನವೂ ಎಲ್ಲರೂ ಕಣ್ಣು ಮುಚ್ಚಿ ಮಲಗಿದ್ದಾಗ ಅವಳು ಎಂದಿನಂತೆ ಧಡಕ್ಕನೆ ಎದ್ದು ಹೊರಗೋಡಿದಳು. ಕಾಲು ಗಂಟೆಯ ಮೇಲೆ, ಏನೂ ಆಗದವಳಂತೆ ಚಾಪೆ ಮಡಚಲು ಬಂದಳು.

ರತೀಶನಿಗೆ ಸಿಟ್ಟು ನೆತ್ತಿಗೇರಿತು. ಅದು ಸಿಟ್ಟೋ, ಹೊಟ್ಟೆಕಿಚ್ಚೋ... ಅವನಿಗೇ ತಿಳಿಯದು.

"ದಿನಾ ಇದೇ ಹೊತ್ತಿಗೆ ಯಾರ‍್ನ್ ಕಾಣೂಕೆ ಓಡ್ತ್ರಿ ನೀವು?"

ಹೆಂಗಸರೆಲ್ಲ ತಿರುಗಿ ನೋಡಿದರು. ವಿನಯಾಳ ಮುಖ ಸುಣ್ಣವಾಯಿತು. ಚಾಪೆಯನ್ನು ಅಲ್ಲೇ ಬಿಟ್ಟು ಹೊರಟುಹೋದಳು.

"ಹ್ವಾಯ್ ಮಾಷ್ಟ್ರೆ!" ರಾಜೀವಕ್ಕ ಸೊಂಟಕ್ಕೆ ಕೈಯಿಟ್ಟು ಎದುರು ನಿಂತಳು. "ನಿಮ್ಗೆ ಎಂತ ಗೊತ್ತಿತ್ ಅಂದೇಳಿ ಹಾಂಗ್ ಕೇಂಡ್ರಿ? ಅವ್ಳ್ ಓಡುದ್ ಅಣ್ಣನ ದೋಣಿ ಬಂತಾ ಕಾಣೂಕೆ ಮಾರಾಯ್ರೆ!"

ಆರು ವರ್ಷಗಳ ಹಿಂದೆ, ಇಂಥದ್ದೇ ಬೆಳಗಿನಲ್ಲಿ ಅವಳ ಅಪ್ಪ ಚಂದಯ್ಯನ ದೋಣಿ ಅಳಿವೆ ಬಾಗಿಲಲ್ಲಿ, ಹೊಳೆ ಕಡಲು ಸೇರುವಲ್ಲೇ, ಮಗುಚಿತ್ತು. ಊರಿಡೀ ದಡಕ್ಕೆ ಓಡಿತ್ತು. ವಿನಯಾ ಮಾತ್ರ ನಿದ್ದೆಯಲ್ಲಿದ್ದಳು. ಆವತ್ತಿನಿಂದ ಅಣ್ಣ ಸೂರ ಕಡಲಿಗಿಳಿದ ದಿನ, ಅವನ ಇಂಜಿನ್ನಿನ ಸದ್ದು ಅಳಿವೆ ದಾಟುವವರೆಗೆ ಅವಳು ಕಣ್ಣು ಮುಚ್ಚಿದವಳಲ್ಲ. ಕೋಡಿಯ ಹೆಂಗಸರಿಗೆ ಪ್ರತಿ ದೋಣಿಯ ಇಂಜಿನ್ನಿನ ಸದ್ದೂ ಗೊತ್ತು. ವಿನಯಾಳಿಗೋ... ಮೀನು ರೆಕ್ಕೆ ಬಡಿದರೂ ಅದು ಯಾರ ಬಲೆಯದ್ದೆಂದು ಹೇಳಿಬಿಡುತ್ತಿದ್ದಳು!

ಆ ಸಂಜೆಯೇ ರತೀಶ್ ಅವಳ ಮನೆ ಅಂಗಳದಲ್ಲಿ ತಲೆತಗ್ಗಿಸಿ ನಿಂತ.

"ತಪ್ಪಾಯ್ತ್ ವಿನಯಾ."

"ಹ್ಞೂಂ."

"ಇನ್ನೊಂದ್ ಮಾತಿತ್... ನಂಗೆ ನಿಮ್ಮನ್ನ್ ಮದಿ ಆಯ್ಕ್. ಬ್ರಹ್ಮಾವರಕ್ಕೆ ಬತ್ರ್ಯಾ?"

ಮದುವೆಯ ಮಾತಿಗೆ ಅವಳ ಒಳಗೆ ಸಾವಿರ ದೀಪ ಒಟ್ಟಿಗೆ ಹತ್ತಿದವು. ಮರುಗಳಿಗೆಯೇ ಅಷ್ಟನ್ನೂ ಅವಳೇ ಊದಿ ಆರಿಸಿದಳು.

"ಬ್ರಹ್ಮಾವರದಗೆ ನಮ್ ದೋಣಿ ಸದ್ದ್ ಕೇಂತಿಲ್ಲೆ ಮಾಷ್ಟ್ರೆ. ನಂಗೆ ಈ ಊರ್ ಬಿಟ್ಟ್ ಹೋಪುಕಾತಿಲ್ಲೆ. ನೀವ್ ಬೇರೆ ಹೆಣ್ಣ್ ಕಾಣಿ..."

ಅವನು ಹೋದ ಮೇಲೆ ಅವಳು ಅತ್ತ ಕಣ್ಣೀರಿಗೆ ಐದು ಹೊಳೆ ಸೇರುವ ಪಂಚಗಂಗಾವಳಿ ಆರನೆಯ ಹೊಳೆಯನ್ನು ಕಂಡಿತು!

ನಾಲ್ಕು ದಿನ ಕಳೆಯಿತು. ಐದನೇ ಬೆಳಗ್ಗೆ ಅವಳು ತರಗತಿಗೆ ಬಂದಾಗ ಶಾಲೆಯ ಹೊರಗೆ ರತೀಶನ ಬೈಕಿತ್ತು. ಸೀಟಿನ ಮೇಲೆ ರಾತ್ರಿಯ ಇಬ್ಬನಿ ಹನಿಗಟ್ಟಿತ್ತು. ಒಳಗೆ ಅವನಿರಲಿಲ್ಲ. ಮುಂದೆ ನಿಂತು ಹೇಳಿಕೊಡುತ್ತಿದ್ದವಳು ಹಳೆಯ ವಿದ್ಯಾರ್ಥಿನಿ ಕುಸುಮ.

ಕೊನೆಗೆ ಶವಾಸನ. ವಿನಯಾ ಮಲಗಿ ಕಿವಿಗೊಟ್ಟಳು.

ಆರೂ ಮುಕ್ಕಾಲಿಗೆ ಒಂದು ಇಂಜಿನ್ ಗುಡುಗುಟ್ಟುತ್ತ ಅಳಿವೆ ದಾಟಿತು. ಇದು ನೆರೆಮನೆ ಚೆನ್ನಯ್ಯನ ದೋಣಿ... ನಮ್ಮದಲ್ಲ. ನಮ್ಮದು ಕೆಮ್ಮುತ್ತ ಬರುತ್ತದೆ.

ಏಳಾಯಿತು. ಕೆಮ್ಮು ಕೇಳಲಿಲ್ಲ.

"ರಾಜೀವಕ್ಕ... ಅಣ್ಣ ಇನ್ನೂ ಬರ್ಲಿಲ್ಲೆ!"

ರಾಜೀವಕ್ಕನ ಮುಖ ಇಳಿಯಿತು. "ಹೆಣೆ ವಿನಯಾ... ನಿಂಗೆ ಹೇಳ್ಬೇಡಿ ಅಂದಿದ್ರ್. ನಿನ್ನೆ ಸಂಜಿಗೆ ಮಾಷ್ಟ್ರೂ ಸೂರನ್ ದೋಣಿ ಹತ್ತಿ ಹೋಯಿದ್ರ್."

ವಿನಯಾ ಓಡಿದಳು. ಅವಳ ಓಟಕ್ಕೆ ಕೋಡಿಯ ಮರಳು ಮೂರು ಆಳೆತ್ತರ ಹಾರಿತು! ದಡದ ಕಲ್ಲುಗಳ ಮೇಲೆ ನಿಂತು ಕಣ್ಣು ಹಾಯಿಸಿದಳು. ನೀರು. ಬರೀ ನೀರು.

ಏಳೂವರೆ. ಎಂಟು.

'ಅಪ್ಪನನ್ನು ನಿದ್ದೆಯಲ್ಲಿ ಕಳೆದುಕೊಂಡೆ. ಇವತ್ತು ಎಚ್ಚರವಿದ್ದೂ... ಇಬ್ಬರನ್ನೂ! ಅವರಿಗೆ ಈಜಲು ಬರುತ್ತದೆಯೇ? ನಾನು ಕೇಳಿಯೂ ಇರಲಿಲ್ಲವಲ್ಲ...'

"ಹೆಣೆ, ಇಲ್ಲೆಂತ ಮಾಡ್ತಿದ್ದೆ?"

ದನಿ ಬಂದದ್ದು ಕಡಲಿನಿಂದಲ್ಲ, ಬೆನ್ನ ಹಿಂದಿನಿಂದ! ಅವಳು ಗಕ್ಕನೆ ತಿರುಗಿದಳು. ಕೈಯಲ್ಲಿ ಮೀನಿನ ಚೀಲ ಹಿಡಿದ ಸೂರ. ಅವನ ಹಿಂದೆ, ಯಾರದ್ದೋ ಲುಂಗಿ ಉಟ್ಟು, ರಾತ್ರಿಯಿಡೀ ವಾಂತಿ ಮಾಡಿ ಮುಖ ಹಸಿರಾದ ರತೀಶ್!

"ನೀವ್... ಏಗ್ಳಿಕೆ ಬಂದ್ರಿ... ಇಂಜಿನ್ ಕೇಂಡಿಲ್ಲೆ..."

"ನಮ್ದ್ ನಿನ್ನೆ ಚಾಲೂ ಆಯ್ಲಿಲ್ಲೆ," ಎಂದ ಸೂರ. "ಚೆನ್ನಯ್ಯಂಗೆ ಜ್ವರ, ಅವ್ನ ಇಂಜಿನ್ನೇ ಹಾಯ್ಕಂಡ್ ಹೋದ್ದ್. ಆರೂ ಮುಕ್ಕಾಲಿಗೇ ಬಂದಿತ್. ಗಂಗೊಳ್ಳಿಯಗೆ ಮೀನ್ ಇಳ್ಸಿ ಬಪ್ಪತಿಗೆ ಇಷ್ಟೊತ್ತಾಯ್ತ್."

ವಿನಯಾ ನೇರ ಹೋಗಿ ರತೀಶನ ಎದೆಗೆ ಎರಡೂ ಕೈಯಿಂದ ಗುದ್ದಿದಳು. ಬೇರೆ ಯಾರಾದರೂ ಆಗಿದ್ದರೆ ಲಕ್ಷದ್ವೀಪದಲ್ಲಿ ಬೀಳುತ್ತಿದ್ದರು!

"ನಿಮ್ಗ್ಯಾರ್ ಕಡಲಿಗೆ ಹೋಪುಕೆ ಹೇಳ್ದ್?!"

"ದಿನಾ ಕಣ್ಣ್ ಮುಚ್ಚಿ, ಕಣ್ಣ್ ಮುಚ್ಚಿ ಅಂತಿದ್ದೆ. ನೀವ್ ಎಂತಕ್ಕೆ ಹೆದ್ರುದ್ ಅಂದೇಳಿ ಒಂದ್ ಸಲ ಆದ್ರೂ ಕಾಣ್ಕ್ ಅಲ್ದಾ?" ಅವನು ಕಡಲಿನತ್ತ ಕೈ ತೋರಿಸಿದ. "ಕಂಡೆ. ಇನ್ ಮೇಲೆ ಕಣ್ಣ್ ಮುಚ್ಚಿ ಅಂದೇಳಿ ಒತ್ತಾಯ ಮಾಡುದಿಲ್ಲೆ. ಮದಿಗೂ."

ಸೂರ ಚೀಲ ಎತ್ತಿಕೊಂಡು ಮನೆಯತ್ತ ಜಾರಿಕೊಂಡ.

ಅವಳು ಅಳಿವೆಯತ್ತ ತಿರುಗಿದಳು. ಆಮೇಲೆ, ತನಗೇ ಹೇಳಿಕೊಳ್ಳುವಂತೆ ಅಂದಳು.

"ನಾನ್ ಎಚ್ಚರ ಇದ್ರೇ ದೋಣಿ ಬಪ್ಪುದ್ ಅಂದ್ಕಂಡಿದ್ದೆ... ಆರ್ ವರ್ಷ. ಇವತ್ತ್ ಸದ್ದ್ ಕೇಂಬ ನನ್ ಕೆಮಿಯೇ ತಪ್ಪಿತ್. ಆದ್ರೂ ನೀವ್ ಬಂದ್ರಿ."

"ಬಂದೆ."

"ಹಾಂಗಾರೆ... ಆವತ್ತ್ ನಾನ್ ಎಚ್ಚರ ಇದ್ದಿದ್ರೂ ಅಪ್ಪಯ್ಯ..." ಮುಂದಿನ ಮಾತು ಬಿಕ್ಕಳಿಕೆಯಲ್ಲಿ ಒಡೆಯಿತು. ರತೀಶ್ ಹತ್ತಿರ ಬಂದ. ಅಳು ಮುಗಿಯುವವರೆಗೂ ಪಕ್ಕದಲ್ಲೇ ನಿಂತ.

ಅತ್ತೂ ಅತ್ತೂ ಸೋತು ಅವಳು ಮರಳಿನ ಮೇಲೆ ಕೂತಳು. ಹಾಗೇ ಬೆನ್ನು ಚಾಚಿದಳು. ಎಳೆಬಿಸಿಲು ಮುಖಕ್ಕೆ ಬಿತ್ತು. ಕಣ್ಣು ತಾನಾಗಿ ಮುಚ್ಚಿತು.

ಅಷ್ಟರಲ್ಲಿ ಅಳಿವೆ ಕಡೆಯಿಂದ ಒಂದು ಇಂಜಿನ್ನಿನ ಸದ್ದು. ರಾತ್ರಿಯ ಅಲೆಗಳು ಇನ್ನೂ ಹೊಟ್ಟೆಯಲ್ಲೇ ಇದ್ದ ರತೀಶ್ ಬೆಚ್ಚಿ, ಕತ್ತು ಉದ್ದ ಮಾಡಿದ.

"ಅದ್ ಯಾರ್ ದೋಣಿ ವಿನಯಾ?"

"ಯಾರದ್ದಾರೂ ಇರ‍್ಲಿ... ಬತ್ತ್."

"ಮತ್ತೆ... ಬ್ರಹ್ಮಾವರಕ್ಕೆ?"

"ಬತ್ತೆ," ಎಂದಳು ಅವಳು, ಕಣ್ಣು ತೆರೆಯದೆ. "ಒಂದ್ ಗಳ್ಗಿ ನಿದ್ದಿ ಮಾಡೂಕ್ ಬಿಡಿ, ಮಾರಾಯ್ರೆ."